ಉಗುಳು ಬೇಡ, ಕಫ ಬೇಕು ಅಂದ ಡಾಕ್ಟ್ರಮ್ಮ

ಡಾಕ್ಟ್ರಮ್ಮ ತೀರ್ಕಂಡ್ಲು ಅಂತ ಫೋನಿಗೆ ಬಂತು. ನಾನ್ ನಂಬ್ಲಿಲ್ಲ. ಈ ಫೋನಲ್ಲಿ ಬದುಕಿರೋ ಸಿನಿಮಾದೋರ್ನೇ ವಾರಕ್ಕೊಂದ್ ಸಲ ಸಾಯಿಸ್ತಾರೆ, ನಿಂಬೆಣ್ಣು ನೆಕ್ಕಿದ್ರೆ ಕ್ಯಾನ್ಸರು ಓಯ್ತದೆ ಅಂತಾರೆ. ಸೊಸೆ ನನ್ಗೆ ಟೈಪ್ ಮಾಡೋದ್ ಕಲ್ಸಿದ್ ದಿನಾನೇ ಏಳಿದ್ಲು, ಅತ್ತೆ, ಬಂದಿದ್ದೆಲ್ಲ ನಂಬ್ಕಂಡ್ ಊರಿಗೆಲ್ಲ ಕಳಿಸ್ಬೇಡಿ ಅಂತ. ಅದ್ಕೇ ನಾನು ಯಾರಿಗೂ ಕಳಿಸ್ಲಿಲ್ಲ. ಕಣ್ಣಾರೆ ನೋಡೋಗಂಟ ಒಪ್ಪಲ್ಲ ಅಂದೆ. ಓಗಿ ನೋಡಿದ್ದೂ ಆಯ್ತು. ಈ ಸಲ ಫೋನು ಸುಳ್ಳೇಳಿರ್ಲಿಲ್ಲ.

ಆಯಮ್ಮನ ಎಸ್ರು ನಾನಿಲ್ಲಿ ಬರಿಯಲ್ಲ. ಅವ್ಳೇ ಬರಿಸ್ಕಂಡಿರ್ಲಿಲ್ಲ. ಆಂಡರ್ಸನ್‌ಪೇಟೆಲಿ ಇಟ್ಟಿನ ಮಿಲ್ಲಿಗೂ ಟೈಲರ್ ಅಂಗ್ಡಿಗೂ ನಡುವೆ ಒಂದು ಶಟ್ರು ರೂಮು, ಅದೇ ಅವ್ಳ ಕ್ಲಿನಿಕ್ಕು. ಮೇಲ್ಗಡೆ ಬೋರ್ಡು ಐತೆ, ಬೋರ್ಡಲ್ಲಿ ಕೆಂಪು ಪ್ಲಸ್ಸು ಐತೆ, ಎಸ್ರಿಲ್ಲ. ಯಾಕೆ ಅಂತ ಕೇಳಿದ್ರೆ, ಎಸ್ರಾಕಿದ್ರೆ ಮದ್ದಿನ ಕಂಪ್ನಿಯೋರು ಚೀಲ ತಗಂಡು ಬತ್ತಾರೆ ಅಂದ್ಲು. ಅವ್ರ ಮೇಲೂ ಅನುಮಾನ. ಅವ್ಳಿಗೆ ಅನುಮಾನ ಇಲ್ದೇ ಇದ್ದಿದ್ದು ಯಾರ ಮೇಲೆ ಅಂತ ನಾನಿನ್ನೂ ಯೋಚ್ನೆ ಮಾಡ್ತಾನೇ ಇವ್ನಿ.

ನಂಗೂ ಅವ್ಳ ಮೇಲೆ ಅಷ್ಟೇ ಅನುಮಾನ ಇತ್ತು. ನಮ್ದು ಬಂಗಾರಪೇಟೆ ಕಡೆ ಅಳ್ಳಿ. ಮನೇಲಿ ಅಸು ಕಟ್ಕಂಡು, ಬೆಳಿಗ್ಗೆ ಬಸ್ಸಲ್ಲಿ ಕ್ಯಾನ್ ಇಟ್ಕಂಡು ಆಂಡರ್ಸನ್‌ಪೇಟೆ ಮನೆಗಳಿಗೆ ಆಲು ಆಕೋದು ನನ್ ಕೆಲ್ಸ. ಆಯಮ್ಮನ ಮನೆಗೂ ನಾನೇ ಆಕ್ತಿದ್ದೆ. ಮೊದುಲ್ನೇ ದಿನ ಪಾತ್ರೆ ಇಡೀಲಿಲ್ಲ, ಎಬ್ಬೆಟ್ಟು ಇಡಿದ್ಲು. ಉಗುರ್ ಮೇಲೆ ಒಂದ್ ತೊಟ್ಟು ಆಲು ಬಿಡಿಸ್ಕಂಡು, ಅದು ಜಾರ್ತದಾ ನಿಲ್ತದಾ ಅಂತ ಕಣ್ ಕಿರಿದು ಮಾಡಿ ನೋಡಿದ್ಲು. ನಿಂತ್ಕಂತು. ಆಮೇಲೆ ಪಾತ್ರೆ ತಂದ್ಲು. ಆಲಿಗೆ ನೀರಾಕೋದ್ರಲ್ಲಿ ನಂಗೆ ಬ್ಯಾಸ್ರ ಇಲ್ಲ, ಆದ್ರೆ ಈ ಮನೆಗೆ ಆಕ್ಬಾರ್ದು ಅಂತ ಅವತ್ತೇ ತೀರ್ಮಾನ ಮಾಡ್ದೆ.

ನೋಡಾಕೆ ಕುಳ್ಳಿ, ಒಣಕಡ್ಡಿ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬಾಯಲ್ಲಿ ಕಲ್ಸಿ ಮಾತಾಡೋಳು. ನನ್ನ ಪಾಲ್ಕಾರಮ್ಮ ಅಂತ ಕರ್ಯೋಳು, ಅಂದ್ರೆ ಅವ್ರ ತಮಿಳಲ್ಲಿ ಆಲ್ನೋಳು. ಕಾಯ್ಲೆಯೋರು ಬಂದ್ರೆ ಮೂತಿ ನೋಡ್ತಿರ್ಲಿಲ್ಲ, ನಡಿಗೆ ನೋಡೋಳು. ಬಾಗ್ಲಿಂದ ಬೆಂಚಿನ್ ತಂಕ ನಡ್ಕಂಡ್ ಬಂದು ಕೂತ್ಕಳೋ ವೊತ್ಗೆ ಅರ್ಧ ರೋಗ ಅವ್ಳಿಗೆ ಗೊತ್ತಾಗೋಗಿರೋದು. ಮಿಕ್ಕಿದ್ ಅರ್ಧಕ್ಕೆ ನೀನು ಏನ್ ಸುಳ್ಳೇಳ್ತೀಯ ಅಂತ ಕಾಯ್ತಾ ಕೂತಿರೋಳು. ಸೂಜಿ ಚುಚ್ತಿರ್ಲಿಲ್ಲ. ಸೂಜಿ ಚುಚ್ದೇ ಇರೋ ಡಾಕ್ಟ್ರು ಅಂದ್ರೆ ನಮ್ ಕಡೆ ಜನಕ್ಕೆ ಅದೇ ಒಂದ್ ಅನುಮಾನ. ಅದ್ರ ಮೇಲೆ ಇವ್ಳು, ಮನೇಲಿ ಯಾರ್ಯಾರ್ ಅವ್ರೆ, ಎಲ್ಲಿ ಮಲಗ್ತಾರೆ, ನೀರು ಎಲ್ಲಿಂದ ತತ್ತೀರ ಅಂತ ಕೇಳೋಳು. ರೇಷನ್ ಕಾರ್ಡು ಕಿತ್ಕಳಾಕೆ ಯಾರೋ ಬಿಟ್ಟಿರೋ ಎಂಗ್ಸು ಇದು ಅಂತ ನಾನ್ ಬಾಳ ದಿನ ಅನ್ಕಂಡಿದ್ದೆ.

ಆಲು ಕೊಟ್ಟಾದ್ ಮೇಲೆ ಬಸ್ ಬರೋಗಂಟ ಅವ್ಳ ಬೆಂಚಲ್ಲೇ ಕೂತಿರ್ತಿದ್ದೆ. ಯಾವಾಗಿಂದ ಅಂತ ಅವ್ಳು ಕೇಳೋಳು, ನೆನ್ನೆಯಿಂದ ಅಂತ ಅವ್ರು ಏಳೋರು, ಪೊಯ್ ಸೊಲ್ಲಾದೆ, ಸುಳ್ಳೇಳ್ಬೇಡ ಅಂತ ಇವ್ಳು. ನೆನ್ನೆ ಅನ್ನೋ ಮಾತು ಆಯಮ್ಮನಿಗೆ ಆಗ್ತಿರ್ಲಿಲ್ಲ. ಕಾಯ್ಲೆ ಯಾವ್ದೂ ನೆನ್ನೆ ಬರಲ್ವಂತೆ. ನಾವು ಜ್ವರ ಅಂತ ಮಲ್ಗೋಕೆ ಎಷ್ಟೋ ಮುಂಚೆ ಅದು ಒಳಕ್ ಬಂದು, ಸದ್ದಿಲ್ದೇ ಕೂತು, ಬೆಳ್ಕಂತಾ ಇರ್ತದಂತೆ. ಅದ್ಕೆ ಇನ್‌ಕ್ಯುಬೇಷನ್ ಅಂತ ಎಸ್ರಂತೆ. ಕೋಳಿ ಕಾವಿಗ್ ಕೂತಂಗಾ ಅಂದೆ. ಅವ್ಳು ನನ್ ಕಡೆ ಒಂಥರಾ ನೋಡಿ, ಹೌದು, ಮೊಟ್ಟೆ ಹೊರಗಡೆಯಿಂದ ಯಾವಾಗ್ಲೂ ಒಂದೇ ಥರ ಕಾಣುತ್ತೆ ಅಂದ್ಲು.

ಇನ್ನೊಂದಿನ ಆಟೋ ಓಡ್ಸೋನೊಬ್ಬ ಗಡಗಡ ನಡುಗ್ತಾ ಬಂದ. ಪಕ್ಕದಲ್ಲಿ ಸಕ್ರೆ ಕಾಯ್ಲೆ ಮುದ್ಕಿ ಎಲಡ್ಕೆ ಆಕ್ಕಂಡು ಆರಾಮಾಗಿ ಕೂತವ್ಳೆ. ನನ್ಗೆ ನಡುಗೋನ್ನ ನೋಡಿ ಅಯ್ಯೋ ಅನ್ನಿಸ್ತು. ಡಾಕ್ಟ್ರಮ್ಮ ಮುದ್ಕಿನೇ ಗುರಾಯಿಸ್ತಿದ್ಲು. ಆಮೇಲೆ ನಂಗೆ ಬಿಡಿಸಿ ಏಳಿದ್ಲು, ಅವನ್ದು ಅಕ್ಯೂಟು, ಧಡಕ್ಕಂತ ಬಂದು ಗಲಾಟೆ ಮಾಡಿ ಬೇಗ ಓಯ್ತದೆ. ಈಯಮ್ಮನ್ದು ಕ್ರಾನಿಕ್ಕು, ಗಲಾಟೆ ಇಲ್ಲ, ಓಗೋದೂ ಇಲ್ಲ.

ಅಂದ್ರೆ ಒಂದು ಅಬ್ಬಕ್ಕೆ ಬಂದ ನೆಂಟ, ಇನ್ನೊಂದು ಮನೆ ಅಳಿಯ ಅಂದೆ.

ಆಯಮ್ಮ ನಕ್ಕಿದ್ದು ನಾನ್ ನೋಡಿದ್ದು ಅವತ್ತೇ. ನಗು ಅಂದ್ರೆ ಕೆಮ್ಮಿದಂಗೆ ಇತ್ತು. ಆಮೇಲಿಂದ ಬಂದೋರ್ಗೆಲ್ಲ, ನಿಂದು ನೆಂಟನಲ್ಲಪ್ಪ, ಮನೆ ಅಳಿಯ, ಮರ್ಯಾದೆಯಾಗಿ ಇಟ್ಕೋ ಅನ್ನೋಳು. ನನ್ ಮಾತು ಅಂತ ಒಂದ್ ದಿನಾನೂ ಯಾರ್ಗೂ ಏಳ್ಲಿಲ್ಲ.

ಇನ್ನೂ ಒಂದ್ ಮಾತಿತ್ತು ಅವ್ಳ್ದು. ಕಾಯ್ಲೆಯೋನು ಬಾಯಲ್ಲಿ ಏಳೋದು ಸಿಂಪ್ಟಮ್ಮು, ಡಾಕ್ಟ್ರು ಕಂಡಿಡಿಯೋದು ಸೈನು. ಎರಡೂ ಒಂದಕ್ಕೊಂದು ಒಪ್ಪಿದ್ರೆ ಸರಿ. ಒಪ್ಪದೇ ಇದ್ರೆ ಇಬ್ರಲ್ಲಿ ಒಬ್ರು ಸುಳ್ಳು, ಅದು ನಾನಲ್ಲ ಅನ್ನೋಳು.

ಈಗ ನಮ್ ಯಜಮಾನನ್ ವಿಚಾರ ಏಳ್ತೀನಿ. ಅವ್ನು ಚಾಂಪಿಯನ್ ರೀಫ್ಸಲ್ಲಿ ಚಿನ್ನದ್ ಗಣಿ ಒಳಕ್ಕೆ ಇಳೀತಿದ್ದೋನು. ಗಣಿ ಮುಚ್ದ ಮೇಲೆ ಅಸು ನೋಡ್ಕಂತಾ ಮನೇಲವ್ನೆ. ಕೆಮ್ಮು ಮುಂಚಿಂದ್ಲೂ ಐತೆ. ನಮ್ ಕಡೆ ಗಣಿಗಿಳಿದೋರ್ ಮನೇಲಿ ಕೆಮ್ಮಿದ್ರೆ ಯಾರೂ ತಿರುಗಿ ನೋಡಲ್ಲ. ದೂಳು ಅಂತಾರೆ, ಅಲ್ಲಿಗ್ ಮುಗೀತು. ಮದ್ವೆ ಮನೇಲಿ ಕೆಮ್ಮಿದ್ರೂ ದೂಳು, ಸಾವಿನ್ ಮನೇಲಿ ಕೆಮ್ಮಿದ್ರೂ ದೂಳು. ಕಲ್ಲಿನ್ ದೂಳು ಎದೆಗೋಗಿ ಕೂತವ್ನಿಗೆ ಮದ್ದಿಲ್ಲ ಅಂತ ಎಲ್ರಿಗೂ ಗೊತ್ತು. ಮದ್ದಿಲ್ದಿರೋ ಕೆಮ್ಮಿಗೆ ಡಾಕ್ಟ್ರತ್ರ ಯಾಕ್ ಓಗ್ಬೇಕು, ಯಾರೂ ಓಗಲ್ಲ. ಬೆಲ್ಲ ಶುಂಠಿ ತಿಂತಾರೆ, ಕೆಮ್ತಾರೆ.

ಆ ವರ್ಷ ನಮ್ ಮನೇಲಿ ಮೊಮ್ಮಗಳು ಉಟ್ಟಿತ್ತು. ಅಜ್ಜನ ಎದೆ ಬಿಟ್ರೆ ಬೇರೆ ಕಡೆ ನಿದ್ದೆ ಮಾಡ್ತಿರ್ಲಿಲ್ಲ. ಅವ್ನು ಕೆಮ್ಮೋನು, ಎದೆ ಮೇಲೆ ಮಗು ದೋಣಿ ಅಂಗೆ ಮೇಲೆ ಕೆಳಗೆ ಆಡೋದು, ಆದ್ರೂ ನಿದ್ದೆ. ನೋಡಿ ನಾವೆಲ್ಲ ನಗ್ತಿದ್ವಿ.

ನನ್ ಮಂಡಿ ಇಡ್ಕಂಡು ಒಂದ್ ವಾರ ನಾನ್ ಆಲಿಗ್ ಓಗಕ್ಕಾಗ್ಲಿಲ್ಲ, ಅವ್ನು ಓದ. ಮಂಡಿ ಸರಿ ಓಗಿ ನಾನು ಕ್ಯಾನ್ ಎತ್ಕಂಡ್ ಓದ್ರೆ, ಡಾಕ್ಟ್ರಮ್ಮ ಎಬ್ಬೆಟ್ಟೂ ಇಡೀಲಿಲ್ಲ, ಪಾತ್ರೆನೂ ತರ್ಲಿಲ್ಲ. ಬಾಗ್ಲಲ್ಲೇ ನಿಂತ್ಕಂಡು, ನಿನ್ ಗಂಡನ ಕೆಮ್ಮು ಯಾವಾಗಿಂದ ಅಂದ್ಲು. ಅದು ದೂಳು ಡಾಕ್ಟ್ರಮ್ಮ, ಗಣಿದು ಅಂದೆ. ಸಂಜೆ ಮೈ ಬಿಸಿ ಆಗುತ್ತಾ ಅಂದ್ಲು. ಇಲ್ಲ ಅಂದೆ. ಬೆಳಿಗ್ಗೆ ಬನೀನು ಒದ್ದೆ ಇರುತ್ತಾ ಅಂದ್ಲು. ಇರ್ತದೆ, ಸೆಕೆಗೆ ಅಂದೆ. ಕೈಯಲ್ಲಿ ವಾಚು ಮೊಣಕೈ ತನಕ ಜಾರುತ್ತೆ ಅವನಿಗೆ, ನೀನು ನೋಡಿಲ್ವಾ ಅಂದ್ಲು. ನೋಡಿದ್ದೆ. ವಾಚಿನ್ ಚೈನು ಸಡಿಲ ಆಗೈತೆ ಅನ್ಕಂಡಿದ್ದೆ.

ಆಮೇಲೆ ಅವ್ಳು ಕೇಳಿದ್ದು ಒಂದೇ. "ಮನೇಲಿ ಚಿಕ್ಕ ಮಗು ಇದೆಯಾ, ಪಾಲ್ಕಾರಮ್ಮ?"

ಐತೆ, ಅಜ್ಜನ್ ಎದೆ ಮೇಲೇ ಮಲಗ್ತದೆ ಅಂದೆ.

ಕೂರಿಸ್ಕಂಡು ಏಳಿದ್ಲು. ದೂಳು ನಿಜಾನೇ ಇರ್ಬೋದು. ಗಣಿ ಮುಚ್ಚಿದ್ರೂ ಎದೆ ಒಳ್ಗಿನ್ ದೂಳು ತನ್ ಕೆಲ್ಸ ನಿಲ್ಸಲ್ಲ, ವರ್ಷ ವರ್ಷ ಗಟ್ಟಿ ಆಗ್ತಾ ಓಯ್ತದೆ. ಆದ್ರೆ ದೂಳು ತುಂಬಿದ್ ಎದೇಲಿ ಟಿಬಿ ಬಂದು ಸೇರ್ಕಳೋದು ಸುಲ್ಬ. ಒಂದ್ ಕಾಯ್ಲೆ ಮೇಲೆ ಅದ್ರ ದೆಸೆಯಿಂದ ಇನ್ನೊಂದು ಅತ್ಕಂಡ್ರೆ ಅದು ಕಾಂಪ್ಲಿಕೇಷನ್ನು.

"ಧೂಳು ಅಂತ ಹೆಸರು ಹೇಳ್ಕೊಂಡು ಒಳಗೆ ಬೇರೆ ಯಾರೋ ಕೂತಿದ್ದಾನೆ ಅಂತ ನನಗೆ ಅನುಮಾನ. ಧೂಳಿಗೆ ಔಷಧಿ ಇಲ್ಲ. ಇವನಿಗೆ ಇದೆ. ಆದ್ರೆ ಧೂಳು ಮಗೂಗೆ ಅಂಟಲ್ಲ, ಇವನು ಅಂಟ್ತಾನೆ."

ನಂಗೆ ಮೊದ್ಲು ಬಂದಿದ್ದು ಕೋಪ. ಟಿಬಿ ಅಂತ ಆಂಡರ್ಸನ್‌ಪೇಟೆಲಿ ಒಬ್ರ್ ಬಾಯಿಗ್ ಬಿದ್ರೂ ನಮ್ ಆಲು ಯಾರೂ ಮುಟ್ಟಲ್ಲ. ಇವ್ಳಿಗೇನು, ಬಾಯಿಗ್ ಬಂದಂಗೆ ಅನುಮಾನ ಪಡ್ತಾಳೆ. ಬೇರೆ ಆಲ್ನೋಳು ಯಾರೋ ಕಿವಿ ಕಚ್ಚವ್ಳೆ ಅಂತಾನೂ ಅನ್ನಿಸ್ತು. ಅಂಗಾದ್ರೆ ನೀವೂ ನಮ್ ಆಲು ಬಿಡ್ತೀರಾ ಅಂತ ಕೇಳೇಬಿಟ್ಟೆ.

"ನಿನ್ ಗಂಡ ಹಾಲು ಬಾಯಲ್ಲಿ ಕರೀತಾನಾ?" ಅಂದ್ಲು. "ಪಾಲು ಊತ್ತು, ಹಾಕು. ಮಗೂನ ಅವನ ಹತ್ರ ಬಿಡ್ಬೇಡ. ಅವನನ್ನ ಕಳಿಸು."

ಕಳಿಸ್ದೆ. ಎಕ್ಸರೇ ತಗ್ಸಿದ್ರು. ಅದ್ರ ತುಂಬ ದೂಳಿನ್ ಚುಕ್ಕೆ, ರಾಗಿ ಚೆಲ್ದಂಗೆ. ಆ ಚುಕ್ಕೆಗಳ್ ಇಂದೆ ಟಿಬಿ ಐತಾ ಇಲ್ವಾ ಅಂತ ಗೊತ್ತಾಗಲ್ಲ ಅಂದ್ಲು. ಕಫ ನೋಡ್ಬೇಕು ಅಂತ ಎರಡು ಡಬ್ಬಿ ಕೊಟ್ಟು ಕಳಿಸಿದ್ಲು. ಇವ್ನು ಬೆಳಿಗ್ಗೆ ತುಂಬ್ಸಿ ಕೊಟ್ಟ. ನಾನೇ ತಗಂಡೋಗಿ ಕೊಟ್ಟೆ. ರಿಪೋಲ್ಟು ಬಂತು, ಏನೂ ಇಲ್ಲ. ಸೊಸೆ ದೇವ್ರಿಗೆ ಕಾಯಿ ಒಡುದ್ಲು. ಮಗು ತಿರ್ಗ ಅಜ್ಜನ್ ಎದೆ ಮೇಲೆ.

ನಾನು ಕ್ಯಾನ್ ಕೆಳ್ಗಿಟ್ಟು, ನಿಮ್ ಕಳ್ಳ ಸಿಗ್ಲಿಲ್ವಲ್ಲ ಡಾಕ್ಟ್ರಮ್ಮ ಅಂದೆ, ವಸಿ ಗತ್ತಲ್ಲೇ. ಅವ್ಳು ರಿಪೋಲ್ಟ್ ಓದಿದ್ಲು, ಮಡ್ಸಿದ್ಲು, ತಿರ್ಗ ಬಿಚ್ಚಿ ಓದಿದ್ಲು. ಇನ್ನೆರಡ್ ಡಬ್ಬಿ ಕೊಟ್ಲು. ಅದ್ರಲ್ಲೂ ಇಲ್ಲ. ಆದ್ರೆ ಯಜಮಾನ ದಿನಾ ಸಣ್ಣ ಆಗ್ತಾನೇ ಇದ್ದ. ವಾಚು ಬಿಚ್ಚಿ ಗೂಟಕ್ಕೆ ನೇತಾಕ್ಬಿಟ್ಟಿದ್ದ.

"ಅವನು ಉಗಿಯೋದನ್ನ ನೀನು ನೋಡಿದ್ಯಾ?" ಅಂತ ಕೇಳಿದ್ಲು. ಅದನ್ನೆಲ್ಲ ಯಾರ್ ನೋಡ್ತಾರೆ, ಅಸಿಂಕೆ ಅಂದೆ. ತಲೆ ಆಡ್ಸಿ, ನಾಳೆಗೆ ಅಂತ ಇನ್ನೊಂದ್ ಡಬ್ಬಿ ನನ್ ಕೈಗಿಟ್ಟು ಒಳಕ್ ಓದ್ಲು. ಆಲಿನ್ ಪಾತ್ರೆ ಬಾಗ್ಲಲ್ಲೇ ಬಿಟ್ಟು ಓದ್ಲು. ಅಂಗ್ ಮರ್ಯೋ ಎಂಗ್ಸಲ್ಲ ಅವ್ಳು.

ಮಾರ್ನೇ ದಿನ ಬೆಳಕರ್ದಂಗೆ ನಮ್ ಮನೆ ಮುಂದೆ ಆಟೋ ನಿಂತ್ಕಂತು. ನಾನು ಅಸು ಕೆಚ್ಲು ತೊಳೀತಿದ್ದೆ. ಡಾಕ್ಟ್ರಮ್ಮ ಇಳಿದ್ಲು, ತಲೆಗೆ ಮಫ್ಲರ್ ಸುತ್ಕಂಡು. ಬಾಯ್ ಮೇಲೆ ಬೆರಳಿಟ್ಟು ನಂಗೆ ಸುಮ್ಕಿರು ಅಂತ ಸನ್ನೆ ಮಾಡಿ, ಕೊಟ್ಟಿಗೆ ಗೋಡೆ ಸಂದಿಂದ ಇತ್ಲು ಕಡೆ ಇಣುಕಿದ್ಲು. ಆ ವಯ್ಸಲ್ಲಿ ಕಳ್ಳನ ಇಡಿಯೋ ಪೋಲೀಸಂಗೆ ಬಗ್ಗಿ ನಿಂತಿದ್ಲು. ನಾನೂ ಇಂದೆ ನಿಂತು ಇಣುಕ್ದೆ.

ಇತ್ಲಲ್ಲಿ ನಮ್ ಯಜಮಾನ ಬೇವಿನ್ ಕಡ್ಡಿಲಿ ಅಲ್ಲುಜ್ದ. ಎದೆಯಿಂದ ಎಳ್ದು ಎಳ್ದು ಕ್ಯಾಕರಿಸಿ ದಾಸವಾಳದ್ ಬುಡಕ್ಕೆ ಉಗುದ. ಉಪ್ಪು ನೀರಲ್ಲಿ ಗಳಗಳ ಅಂತ ಬಾಯ್ ಮುಕ್ಕಳ್ಸಿದ. ಮೂತಿ ತೊಳ್ದು ಟವಲಲ್ಲಿ ಒರ್ಸ್ಕಂಡ. ಎಲ್ಲಾ ಶುದ್ಧ ಆದ್ ಮೇಲೆ ಡಬ್ಬಿ ತಗಂಡು, ಮಡಿ ನೀರು ತುಂಬ್ಸೋನಂಗೆ, ತಿಳಿಯಾದ ಉಗುಳು ಅದ್ರಲ್ಲಿ ಬಿಟ್ಟ.

ಡಾಕ್ಟ್ರಮ್ಮ ಸೀದಾ ಅವ್ನ ಮುಂದೆ ಓಗಿ ನಿಂತ್ಲು. ಪಾಪ ಅವ್ನು ಪಂಚೆ ಇಳಿಬಿಟ್ಕಂಡು ಕೈ ಮುಗುದ.

"ಏನಪ್ಪಾ ಇದು?"

"ನೀವೇ ಕೇಳಿದ್ರಲ್ಲಮ್ಮ, ಡಬ್ಬಿ."

"ನಾನು ಕೇಳಿದ್ದು ಆ ಗಿಡದ ಬುಡದಲ್ಲಿದೆ."

ಅವ್ನು ತಲೆ ತಗ್ಗಿಸ್ಬಿಟ್ಟ. "ಅದು ಗಲೀಜಮ್ಮ. ಎಂಗಸ್ರ ಕೈಗೆ ಅಂಗೆಲ್ಲ ಕೊಡಾಕಾಗ್ತದಾ?"

ಗಣಿಲಿ ಕೆಲ್ಸ ಮಾಡ್ದೋರ್ಗೆ ಇದು ಗೊತ್ತಿರ್ತದೆ. ಮೇಲಕ್ ಬಂದ್ ಕೂಡ್ಲೇ ಬಾಯಿ ಮೂಗು ತೊಳ್ದು, ಕಪ್ಪಗಿರೋದೆಲ್ಲ ಉಗುದು, ಆಮೇಲೇ ಮನುಷ್ರ ಮುಂದೆ ನಿಲ್ಲೋದು. ಮನೆಗ್ ಬಂದು ಎಂಡ್ತಿ ಮುಂದೆ ಕೂಡ ಅವ್ನು ಒಂದ್ ದಿನ ಉಗುದೋನಲ್ಲ. ಅಂತೋನು ಡಾಕ್ಟ್ರಮ್ಮನ ಡಬ್ಬಿಗೆ ತನ್ ಗಲೀಜು ಆಕ್ತಾನಾ. ಕೊಡೋದ್ ಕೊಡ್ಬೇಕು, ಚೆನ್ನಾಗಿರೋದ್ ಕೊಡ್ಬೇಕು ಅಂತ ತೊಳ್ದು ತೊಳ್ದು ಬರೀ ಉಗುಳು ಕೊಟ್ಟವ್ನೆ. ಉಗುಳಲ್ಲಿ ಎಲ್ಲಿಂದ ಸಿಗ್ಬೇಕು, ಕಾಯ್ಲೆ ಇರೋದು ಎದೇಲಿ.

ಆಯಮ್ಮ ಬೈಲಿಲ್ಲ. ಚೀಲದಿಂದ ಒಸ ಡಬ್ಬಿ ತೆಗ್ದು ಅವ್ನ ಕೈಗಿಟ್ಲು. "ಉಗುಳು ಬೇಡ, ಕಫ ಬೇಕು. ಗಂಟಲಿಂದ ಅಲ್ಲ, ಎದೆಯಿಂದ. ಎಷ್ಟು ಗಲೀಜಾಗಿದ್ರೆ ಅಷ್ಟು ಮರ್ಯಾದೆ ನನಗೆ." ಆಮೇಲೆ ನನ್ ಕಡೆ ತಿರುಗಿ ನಾಚ್ಕೆ ಇಲ್ದೇ ಕಾಫಿ ಕೇಳಿದ್ಲು. ಅವ್ಳಿಗ್ ಕೊಡೋ ಆಲೇನೋ ಒಳ್ಳೇದು, ನಮ್ ಮನೇಲಿ ಕುಡ್ಯೋ ಆಲು ಎಂಗೈತೆ ಅಂತ ನೋಡಾಕೇ ಕೇಳಿದ್ಲು ಅಂತ ನನ್ ಅನುಮಾನ.

ಈ ಸಲ ರಿಪೋಲ್ಟಲ್ಲಿ ಸಿಕ್ತು.

ಮಾತ್ರೆ ಸುರು ಆಯ್ತು. ಅವ್ನ ಆಸ್ಗೆ ಕೊಟ್ಟಿಗೆ ಜಗಲಿಗ್ ಓಯ್ತು. ಮಗೂನ ಕರ್ಕಂಡೋಗಿ ತೋರ್ಸಿದ್ವಿ. ಎದೆ ಕೇಳಿದ್ಲು, ಚಿಕ್ಕ ಎಕ್ಸರೇ ತಗ್ಸಿದ್ಲು. ಕಾಯ್ಲೆ ಇಲ್ಲ ಅಂದ್ಲು, ನಾನು ಉಸ್ರು ಬಿಡೋದ್ರೊಳ್ಗೆ ಆದ್ರೆ ಅಂದ್ಲು. ರೋಗದ್ ಬೀಜ ಒಳಕ್ಕೋಗಿ ಮಲ್ಗಿರ್ಬೋದು, ಎದ್ದಿಲ್ಲ ಅಷ್ಟೇ, ಲೇಟೆಂಟ್ ಅಂತಾರೆ. ಏಳೋದ್ರೊಳ್ಗೆ ಮುಗ್ಸ್ಬೇಕು ಅಂತ ಅದ್ಕೂ ಮಾತ್ರೆ. ಸೊಸೆ ಅದ್ನ ಪುಡಿ ಮಾಡಿ ತಿನ್ಸುವಾಗ ಮಗು ಕೊಟ್ಟಿಗೆ ಕಡೆ ಕೈ ಮಾಡಿ ಅಳೋದು. ಅಲ್ಲಿಂದ ಅವ್ನು ಬಾಯಿಗ್ ಟವಲ್ ಕಟ್ಕಂಡು, ಎಮ್ಮೆ ಕೂಗಿದಂಗೆ ಅಸು ಕೂಗಿದಂಗೆ ಸದ್ದು ಮಾಡಿ ನಗ್ಸೋನು. ಕೂಗಿ ಕೂಗಿ ಕೆಮ್ಮು ಬಂದು ಬಗ್ಗಿ ಕೂತ್ಕಳೋನು.

ಮಾತ್ರೆ ತಗಂಡ್ ಮೊದುಲ್ನೇ ವಾರದಲ್ಲೇ ಅವ್ನ ಉಚ್ಚೆ ಕೇಸ್ರಿ ಬಣ್ಣ ಆಯ್ತು. ಇವ್ಳು ವಿಷ ಆಕವ್ಳೆ ಅಂತ ನಾನ್ ಬಸ್ಸಿಗೂ ಕಾಯ್ದೇ ಆಟೋ ಮಾಡ್ಕಂಡೋದೆ. ಅದು ಮಾತ್ರೆ ಬಣ್ಣ ಕಣಮ್ಮ, ಬಣ್ಣ ಬರ್ದೇ ಇದ್ರೆ ನಾನ್ ಅನುಮಾನ ಪಡ್ತಿದ್ದೆ ಅಂದ್ಲು. ಆಮೇಲಿಂದ ದಿನಾ ಆಲು ಕೊಡುವಾಗ ಇವತ್ ಬಣ್ಣ ಏನು ಅಂತ ಬೀದಿಗ್ ಕೇಳ್ಸಂಗೆ ಕೇಳೋಳು. ಟೈಲರ್ ಅಂಗ್ಡಿಯೋನು ನಾನ್ ಸೀರೆ ಯಾಪಾರಾನೂ ಸುರು ಮಾಡಿವ್ನಿ ಅನ್ಕಂಡ. ಒಂದಿನ ಬಣ್ಣ ತಿಳಿ ಆಗೈತೆ ಅಂದೆ. ಸಂಜೆಗೇ ಮನೆಗ್ ಬಂದು ಅವ್ನ ದಿಂಬಿನ್ ಕೆಳ್ಗೆ ಕೈ ಆಕಿ, ನುಂಗ್ದೇ ಬಿಟ್ಟಿದ್ ಮಾತ್ರೆ ತೆಗುದ್ಲು. ವಾಂತಿ ಬತ್ತದಮ್ಮ ಅಂದ ಅವ್ನು. ವಾಂತಿಗೂ ಮಾತ್ರೆ ಕೊಟ್ಲು, ಎರಡೂ ಅವ್ಳ ಮುಂದೇನೇ ನುಂಗ್ಸಿದ್ಲು, ನುಂಗಾದ್ ಮೇಲೆ ನಾಲ್ಗೆ ಎತ್ತು ಅಂದ್ಲು.

ತಿಂಗ್ಳುಗಟ್ಲೆ ಆಯ್ತು. ಮೈಗೆ ಮಾಂಸ ಬಂತು. ವಾಚು ಗೂಟದಿಂದ ಇಳೀತು. ಕೊನೇ ಸಲ ಕಫ ನೋಡಿದ್ರು, ಇಲ್ಲ. ಎದೆಯಿಂದ ಬಂದಿದ್ದೇ ಅಂತ ನಾನು ಪಕ್ಕದಲ್ಲಿ ನಿಂತು ನೋಡಿದ್ದೆ, ಅಸಿಂಕೆ ಪಟ್ಕಂಡೇ ನೋಡಿದ್ದೆ. ಎಲ್ರೂ ಕ್ಲಿನಿಕ್ಕಿಗ್ ಓದ್ವಿ. ವಾಸಿ ಆಯ್ತು ಅಂತ ಅವ್ಳ ಬಾಯಲ್ಲಿ ಬರ್ಲಿ ಅಂತ ಕಾಯ್ತಾ ಕೂತ್ವಿ. ಬರ್ಲಿಲ್ಲ. ಟಿಬಿ ಓಗೈತೆ ಅಂದ್ಲು. ತಿರುಗ್ ಬಂದ್ರೂ ಬರ್ಬೋದು, ಅದ್ಕೆ ರಿಲ್ಯಾಪ್ಸ್ ಅಂತಾರೆ, ಕೆಮ್ಮಿನ್ ಸದ್ದು ಬದ್ಲಾದ್ರೆ ದೂಳು ಅನ್ಕಂಡು ಮನೇಲಿ ಕೂತ್ಕಬೇಡ ಅಂದ್ಲು. ದೂಳು ಮಾತ್ರ ಓಗಲ್ಲ, ಉಸ್ರು ವಸಿ ವಸಿ ಕಮ್ಮಿ ಆಗ್ತಾ ಓಯ್ತದೆ ಅಂದ್ಲು. ಸುಳ್ಳು ಸಿಹಿ ಮಾಡಿ ಏಳೋದು ಅವ್ಳಿಗೆ ಬರ್ತಿರ್ಲಿಲ್ಲ.

"ಅಂಗಾದ್ರೆ ನಾನ್ ಎಷ್ಟ್ ವರ್ಷ ಇರ್ತೀನಮ್ಮ?" ಅಂತ ಇವ್ನು ಕೇಳ್ದ.

ಅವ್ಳು ಕನ್ನಡ್ಕ ತೆಗ್ದು ಸೆರಗಲ್ಲಿ ಒರ್ಸಿದ್ಲು. "ಅದಕ್ಕೆ ಪ್ರೋಗ್ನೋಸಿಸ್ ಅಂತಾರೆ. ಕಾಯ್ಲೆ ಮುಂದೆ ಹೆಂಗೆ ನಡ್ಕೊಳ್ಳುತ್ತೆ ಅಂತ ಡಾಕ್ಟ್ರು ಹಾಕೋ ಅಂದಾಜು. ನಾನು ಎಲ್ಲರ ಮಾತೂ ಅನುಮಾನದಲ್ಲೇ ಕೇಳೋಳು. ನನ್ನ ಅಂದಾಜು ಮಾತ್ರ ಯಾಕೆ ನಂಬಲಿ?"

ಇವ್ನಿಗೆ ಅದು ಸಾಕಾಯ್ತು ಅನ್ಸುತ್ತೆ. ಮಗೂನ ಎತ್ಕಬೋದಾ ಅಂತ ಕೇಳ್ದ. ಅವ್ಳು ರಿಪೋಲ್ಟ್ ಇನ್ನೊಂದ್ ಸಲ ಬಿಚ್ಚಿ ನೋಡಿದ್ಲು. ಆಮೇಲೆ ತಾನೇ ಎದ್ದು ಬಂದು ಸೊಸೆ ಕೈಯಿಂದ ಮಗೂನ ತಗಂಡು ಅವ್ನ ಮಡ್ಲಿಗ್ ಆಕಿದ್ಲು. ಆಕಾದ್ ಮೇಲೂ ಓಗ್ದೇ ಅಲ್ಲೇ ನಿಂತು ನೋಡ್ತಿದ್ಲು. ಟವಲ್ ಇಲ್ದಿರೋ ಮೂತಿ ನೋಡಿ ಮಗುಗೆ ಅವ್ನ ಗುರ್ತೇ ಸಿಕ್ಲಿಲ್ಲ, ವಸಿ ಅಳ್ತು. ಅವ್ನು ಎಮ್ಮೆ ಕೂಗಿದಂಗೆ ಕೂಗ್ದ.

ಇದೆಲ್ಲ ಆಗಿ ವರ್ಷಗಳಾದ್ವು. ಆ ಮಗು ಈಗ ಸ್ಕೂಲಿಗ್ ಓಯ್ತದೆ.

ಮೊನ್ನೆ ಫೋನಿಗ್ ಬಂದಾಗ ಅವ್ನೂ ಬತ್ತೀನಿ ಅಂದ. ಬ್ಯಾಡ ಅಂದೆ, ಈಗ ನಾಕೆಜ್ಜೆಗೊಂದ್ ಸಲ ಉಸ್ರಿಗೆ ನಿಲ್ಬೇಕು ಅವ್ನು. ಕೇಳ್ಲಿಲ್ಲ. ಮಗೂನೂ ಜೊತೆಗ್ ಬಂತು. ಆಯಮ್ಮನ ಮನೆ ಮುಂದೆ ಶಾಮಿಯಾನ ಆಕಿದ್ರು. ಸಡನ್ನಾಗಿ ಓದ್ರು, ನೆನ್ನೆ ತಂಕ ಚೆನ್ನಾಗಿದ್ರು ಅಂತ ಜನ ಏಳ್ತಿದ್ರು. ನಂಗ್ ನಂಬ್ಕೆ ಇಲ್ಲ. ಬಾಗ್ಲತ್ರ ಅವ್ಳ ಚಪ್ಲಿ ಇತ್ತು, ಒಸಾದು, ಗಂಡಸ್ರ ಅಳ್ತೆದು. ಅಂತಾ ಕುಳ್ಳಿ ಎಂಗ್ಸಿಗೆ ಅಷ್ಟ್ ದೊಡ್ಡ ಚಪ್ಲಿ ಯಾಕೆ. ಕಾಲು ಊದ್ಕಂಡಿತ್ತು, ಅವ್ಳಿಗ್ ಗೊತ್ತಿತ್ತು, ಯಾರ್ಗೂ ಏಳಿಲ್ಲ. ಎಲ್ರ ಬಾಯಿಂದ್ಲೂ ನಿಜ ಕಕ್ಸಿದ್ ಎಂಗ್ಸು ತನ್ದನ್ನ ನುಂಗ್ಬಿಟ್ಲಲ್ಲ ಅಂತ ನಂಗೆ ಅಳು ಬರೋದ್ಕಿಂತ ಮುಂಚೆ ಸಿಟ್ಟು ಬಂತು.

ಯಜಮಾನ ಅವ್ಳ ಕಾಲತ್ರ ನಿಂತಿದ್ದ. ಕೆಮ್ಮು ಬಂತು. ತಡ್ಕಂಡ, ಮೂತಿ ಕೆಂಪಾಯ್ತು. ಜನಗಳ ಮಧ್ಯ ದಾರಿ ಮಾಡ್ಕಂಡು ಶಾಮಿಯಾನದ್ ಆಚೆ ಓದ, ಕಾಂಪೌಂಡ್ ಗೋಡೆಗೆ ಮೂತಿ ಮಾಡ್ಕಂಡು, ನಮ್ಗೆಲ್ಲ ಬೆನ್ನು ತಿರುಗ್ಸಿ, ಟವಲ್ ಅಡ್ಡ ಇಟ್ಕಂಡು ಎದೆಯಿಂದ ಕೆಮ್ದ. ನಮ್ ಮನೇಲಿ ಅವ್ನು ಕೆಮ್ಮೋದೇ ಅಂಗೆ. ಮಗು ಬುದ್ಧಿ ಬಂದಾಗಿಂದ ಅವ್ನು ಬೇರೆ ಥರ ಕೆಮ್ಮೋದ್ನ ನೋಡೇ ಇಲ್ಲ.

ಅದು ನನ್ ಕೈ ಬಿಡಿಸ್ಕಂಡು ಓಡೋಗಿ ಅಜ್ಜನ್ ಪಕ್ಕ ನಿಂತ್ಕಂತು. ಒಂದ್ ದಿನಾನೂ ಕೆಮ್ಮಿದ್ ಮಗುವಲ್ಲ ಅದು. ಆದ್ರೂ ಗೋಡೆಗೆ ಮೂತಿ ಮಾಡ್ಕಂಡು, ಪುಟಾಣಿ ಕೈ ಬಾಯಿಗ್ ಅಡ್ಡ ಇಟ್ಕಂಡು, ಅವ್ನು ಮುಗ್ಸೋಗಂಟ ಅಂಗೇ ನಿಂತಿತ್ತು.